ಪಟ್ಟಿ ಮೊದಲು, ಅಳಿಸುವುದು ಆಮೇಲೆ: ಲಾಗ್‌ಫೋರ್‌ಜೆಯ ಪ್ಯಾಕೇಜ್ ಸ್ಕ್ಯಾನಿಂಗ್ ಬಿಡುವ ಬಗೆ

ಲಾಗ್‌ಫೋರ್‌ಜೆ 2.20.0 ಆವೃತ್ತಿ 2023ರ ಫೆಬ್ರವರಿಯಲ್ಲಿ ಬಂತು. ಅದಕ್ಕೆ ಅಪ್‌ಗ್ರೇಡ್ ಮಾಡಿದ ಅನೇಕ ತಂಡಗಳಿಗೆ ಅಪ್ಲಿಕೇಶನ್ ಶುರುವಾಗುವಾಗ ಕನ್ಸೋಲಿನಲ್ಲಿ ಹೊಸದೊಂದು ವಾರ್ನಿಂಗ್ ಕಾಣಿಸತೊಡಗಿತು. ಪ್ಲಗಿನ್‌ಗಳನ್ನು ಪತ್ತೆ ಮಾಡಲು ಪ್ಯಾಕೇಜ್ ಸ್ಕ್ಯಾನಿಂಗ್ ಬಳಸುವುದು ಡಿಪ್ರಿಕೇಟ್ ಆಗಿದೆ, ಮುಂದಿನ ಯಾವುದೋ ಬಿಡುಗಡೆಯಲ್ಲಿ ಅದು ಇರುವುದಿಲ್ಲ ಎಂದು ಅದರ ಸಾರ. ನಂತರದ ಆವೃತ್ತಿಗಳಲ್ಲಿ ಸಾಲು ಇನ್ನೂ ನೇರವಾಯಿತು: ನಿಮ್ಮ ಕಾನ್ಫಿಗರೇಷನ್ ಫೈಲಿನಿಂದ ‘ಪ್ಯಾಕೇಜಸ್’ ಎಂಬ ಆಟ್ರಿಬ್ಯೂಟ್ ತೆಗೆಯಿರಿ ಎಂದೇ ಅದು ಹೇಳುತ್ತದೆ.

ಇದನ್ನು ಕಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಕೆಲವರು ಲಾಗ್‌ಫೋರ್‌ಜೆಯ ಒಳ ಸಂದೇಶಗಳ ಮಟ್ಟವನ್ನು ‘ಎರರ್’ಗೆ ಏರಿಸಿ ವಾರ್ನಿಂಗ್ ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರು ಹೇಳಿದ ಮಾತು ಕೇಳಿ ಆಟ್ರಿಬ್ಯೂಟನ್ನು ಆ ಕ್ಷಣವೇ ಅಳಿಸಿ ಕಮಿಟ್ ಮಾಡುತ್ತಾರೆ. ಮೊದಲನೆಯದು ಸೋಮಾರಿತನ, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎರಡನೆಯದು ಬಹಳಷ್ಟು ಸಲ ನಡೆದುಹೋಗುತ್ತದೆ. ನಡೆಯದ ಸಲ ಮಾತ್ರ ತೊಂದರೆ ಸದ್ದಿಲ್ಲದೆ ಬರುತ್ತದೆ. ಆ ಒಂದು ಪದ ವರ್ಷಗಳಿಂದ ಬಿಲ್ಡ್‌ನ ಯಾವುದೋ ದೋಷವನ್ನು ಮುಚ್ಚಿಟ್ಟಿರಬಹುದು. ಆದ್ದರಿಂದ ಅಳಿಸುವುದಕ್ಕೆ ಮುಂಚೆ ನೋಡಬೇಕಾದ್ದು ಏನು, ಸರಿಪಡಿಸಬೇಕಾದ್ದು ಎಲ್ಲಿ ಎಂಬುದಷ್ಟೇ ಈ ಲೇಖನದ ವಿಷಯ. ಆಟ್ರಿಬ್ಯೂಟ್, ಫೈಲು, ಕಮಾಂಡುಗಳ ಹೆಸರನ್ನು ಇಲ್ಲಿ ಓದುವ ಅನುಕೂಲಕ್ಕೆ ಕನ್ನಡದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಪ್ಲಗಿನ್ ಎಂದರೆ ಇಲ್ಲಿ ಯಾವುದು

ಹಳೆಯ ಲಾಗ್‌ಫೋರ್‌ಜೆ 1ರಲ್ಲಿ ಅಪೆಂಡರ್ ಬೇಕಾದರೆ ಅದರ ಜಾವಾ ಕ್ಲಾಸಿನ ಪೂರ್ತಿ ಹೆಸರನ್ನು ಪ್ಯಾಕೇಜ್ ಸಮೇತ ಕಾನ್ಫಿಗರೇಷನ್‌ನಲ್ಲಿ ಬರೆಯಬೇಕಿತ್ತು. 2014ರಲ್ಲಿ ಬಂದ ಲಾಗ್‌ಫೋರ್‌ಜೆ 2 ಇದನ್ನು ಬದಲಿಸಿತು. ‘ಕನ್ಸೋಲ್’, ‘ರೋಲಿಂಗ್‌ಫೈಲ್’, ‘ಪ್ಯಾಟರ್ನ್‌ಲೇಔಟ್’ ಎಂದು ಚಿಕ್ಕ ಹೆಸರು ಬರೆದರೆ ಸಾಕು, ಆ ಹೆಸರಿನ ಹಿಂದೆ ಯಾವ ಕ್ಲಾಸ್ ಇದೆ ಎಂದು ಲೈಬ್ರರಿಯೇ ಕಂಡುಕೊಳ್ಳುತ್ತದೆ. ಕ್ಲಾಸಿನ ತಲೆಯ ಮೇಲೆ ‘ಪ್ಲಗಿನ್’ ಎಂಬ ಅನೊಟೇಷನ್ ಇರುತ್ತದೆ, ಹೆಸರು ಮತ್ತು ವರ್ಗ ಅದರೊಳಗೆ ಇರುತ್ತವೆ. ಅಪೆಂಡರ್, ಲೇಔಟ್, ಫಿಲ್ಟರ್ ‘ಕೋರ್’ ವರ್ಗಕ್ಕೆ ಸೇರುತ್ತವೆ. ಪ್ಯಾಟರ್ನ್‌ನಲ್ಲಿ ಶೇಕಡಾ ಚಿಹ್ನೆಯ ಮುಂದೆ ಬರುವ ಸಂಕೇತಗಳು ‘ಕನ್ವರ್ಟರ್’ ವರ್ಗಕ್ಕೆ, ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದೊಳಗೆ ಬರುವವು ‘ಲುಕಪ್’ ವರ್ಗಕ್ಕೆ.

2021ರ ಡಿಸೆಂಬರ್‌ನಲ್ಲಿ ಜಗತ್ತಿನ ಸರ್ವರ್‌ಗಳನ್ನೆಲ್ಲ ಅಲ್ಲಾಡಿಸಿದ ಲಾಗ್‌ಫೋರ್‌ಶೆಲ್ ದೋಷ ಇದ್ದದ್ದೂ ಇಂಥದೇ ಒಂದು ಪ್ಲಗಿನ್‌ನಲ್ಲಿ, ಜೆಎನ್‌ಡಿಐ ಲುಕಪ್‌ನಲ್ಲಿ. ಅಪ್‌ಗ್ರೇಡ್ ಮಾಡಲು ಆಗದವರಿಗೆ ಆಗ ಹೇಳಿದ ತುರ್ತು ಉಪಾಯವೆಂದರೆ ಜಾರ್ ಫೈಲಿನೊಳಗಿಂದ ಆ ಒಂದು ಕ್ಲಾಸನ್ನು ಕಿತ್ತು ಬಿಸಾಡುವುದು. ಆ ಗಡಿಬಿಡಿಯಲ್ಲಿ 2.17.1ಕ್ಕೆ ಏರಿ ಅಲ್ಲಿಗೇ ನಿಂತ ಅಪ್ಲಿಕೇಶನ್‌ಗಳು ಈಗಲೂ ಸಿಗುತ್ತವೆ. ಅಂಥವರು ಇಂದು ಹೊಸ ಆವೃತ್ತಿಗೆ ಬಂದರೆ ಈ ವಾರ್ನಿಂಗ್ ಮೊದಲ ಸಲ ಅವರ ಕಣ್ಣಿಗೆ ಬೀಳುತ್ತದೆ.

ಚಿಕ್ಕ ಹೆಸರಿನಿಂದ ಕ್ಲಾಸನ್ನು ಪತ್ತೆ ಮಾಡಲು ಲಾಗ್‌ಫೋರ್‌ಜೆ 2ರಲ್ಲಿ ಎರಡು ದಾರಿಗಳಿವೆ. ಒಂದು, ಕಂಪೈಲ್ ಮಾಡುವಾಗಲೇ ತಯಾರಾಗುವ ಪಟ್ಟಿ. ಅನೊಟೇಷನ್ ಪ್ರೊಸೆಸರ್ ಒಂದು ನಿಮ್ಮ ಕೋಡಿನಲ್ಲಿರುವ ಪ್ಲಗಿನ್ ಕ್ಲಾಸ್‌ಗಳನ್ನೆಲ್ಲ ನೋಡಿ ‘ಲಾಗ್‌ಫೋರ್‌ಜೆ2ಪ್ಲಗಿನ್ಸ್ ಡಾಟ್ ಡ್ಯಾಟ್’ ಎಂಬ ಪುಟ್ಟ ಬೈನರಿ ಫೈಲನ್ನು ಜಾರ್‌ನ ‘ಮೆಟಾ-ಇನ್ಫ್’ ಫೋಲ್ಡರಿನ ಒಳಗೆ ಇಡುತ್ತದೆ. ಇನ್ನೊಂದು, ಅಪ್ಲಿಕೇಶನ್ ಶುರುವಾದ ಮೇಲೆ ನೀವು ಹೇಳಿದ ಪ್ಯಾಕೇಜಿನಲ್ಲಿರುವ ಕ್ಲಾಸ್‌ಗಳನ್ನೆಲ್ಲ ಒಂದೊಂದಾಗಿ ಲೋಡ್ ಮಾಡಿ, ಅನೊಟೇಷನ್ ಇದೆಯೇ ಎಂದು ತಡಕುವುದು. ಮತದಾರರ ಪಟ್ಟಿ ಕೈಯಲ್ಲಿದ್ದೂ ಮತಗಟ್ಟೆ ತೆರೆದ ದಿನವೇ ಬೀದಿ ಬೀದಿ ಸುತ್ತಿ ‘ಇಲ್ಲಿ ಮತದಾರರು ಯಾರಿದ್ದೀರಿ’ ಎಂದು ಬಾಗಿಲು ಬಡಿದ ಹಾಗೆ. ಡಿಪ್ರಿಕೇಟ್ ಆಗಿರುವುದು ಈ ಎರಡನೆಯ ದಾರಿ.

ತಡಕುವ ದಾರಿ ಬೇಡವಾದದ್ದಕ್ಕೆ ಕಾರಣಗಳು ಗಟ್ಟಿ. ಪ್ಯಾಕೇಜ್ ಹೆಸರು ಕೊಟ್ಟರೆ ಅದರ ಕೆಳಗಿನ ಉಪಪ್ಯಾಕೇಜ್‌ಗಳೂ ಸೇರಿ ಎಲ್ಲ ಕ್ಲಾಸ್‌ಗಳು ಲೋಡ್ ಆಗುತ್ತವೆ. ಯಾರೋ ಕಂಪನಿಯ ಮೂಲ ಪ್ಯಾಕೇಜನ್ನೇ ಅಲ್ಲಿ ಬರೆದಿಟ್ಟಿದ್ದರೆ, ಒಂದು ಪುಟ್ಟ ಅಪೆಂಡರ್ ಹುಡುಕಲು ಇಡೀ ಅಪ್ಲಿಕೇಶನ್ನನ್ನು ಪ್ರತಿ ಸಲವೂ ಜಾಲಾಡಿದಂತೆ. ಹಾಗೆ ಜಾಲಾಡಲು ಕ್ಲಾಸ್‌ಗಳು ಫೋಲ್ಡರಿನಲ್ಲಿವೆಯೋ, ಜಾರ್‌ನಲ್ಲಿವೆಯೋ, ಜೆಬಾಸ್‌ನ ತನ್ನದೇ ಫೈಲ್ ವ್ಯವಸ್ಥೆಯಲ್ಲಿವೆಯೋ, ಓಎಸ್‌ಜಿಐ ಬಂಡಲ್‌ನಲ್ಲಿವೆಯೋ ಎಂದು ಲೈಬ್ರರಿ ಒಂದೊಂದನ್ನೂ ಬೇರೆಯಾಗಿ ತಿಳಿದಿರಬೇಕು. ಹೊಸ ಬಗೆಯ ಪ್ಯಾಕಿಂಗ್ ಬಂದಾಗಲೆಲ್ಲ ಅದು ಮುರಿಯುತ್ತದೆ. ಗ್ರಾಲ್‌ವಿಎಂ ನೇಟಿವ್ ಇಮೇಜ್‌ನಲ್ಲಂತೂ ಓಡುವ ಹೊತ್ತಿಗೆ ತಡಕಲು ಕ್ಲಾಸ್ ಫೈಲುಗಳೇ ಇರುವುದಿಲ್ಲ.

ವಾರ್ನಿಂಗ್ ಬಂದಿಲ್ಲವೆಂದು ಸುಮ್ಮನಿರಬೇಡಿ

ಲಾಗ್‌ಫೋರ್‌ಜೆ ತನ್ನ ಬಗ್ಗೆ ತಾನೇ ಹೇಳುವ ಸಂದೇಶಗಳು ಸ್ಟೇಟಸ್ ಲಾಗರ್ ಮೂಲಕ ಬರುತ್ತವೆ. ಅದರ ಮಟ್ಟ ಮೊದಲಿನಿಂದ ‘ಎರರ್’ ಆಗಿರುತ್ತದೆ. ಕಾನ್ಫಿಗರೇಷನ್‌ನಲ್ಲಿ ‘ಸ್ಟೇಟಸ್’ ಎಂಬಲ್ಲಿ ‘ವಾರ್ನ್’ ಅಥವಾ ಅದಕ್ಕಿಂತ ಹೆಚ್ಚು ವಿವರ ಕೊಡುವ ಮಟ್ಟವನ್ನು ಬರೆದವರಿಗಷ್ಟೇ ಈ ಸಾಲು ಕಾಣುತ್ತದೆ. ಹಾಗಾಗಿ ಮೊದಲು ರೆಪಾಸಿಟರಿಯನ್ನೇ ಹುಡುಕಿ. ಪ್ಯಾಕೇಜ್ ಸ್ಕ್ಯಾನಿಂಗ್ ಒಳಗೆ ಬರುವ ಬಾಗಿಲುಗಳು ಮೂರು: ಕಾನ್ಫಿಗರೇಷನ್ ಫೈಲಿನ ‘ಪ್ಯಾಕೇಜಸ್’, ಜೆವಿಎಂಗೆ ಕೊಡುವ ‘ಲಾಗ್‌ಫೋರ್‌ಜೆ ಡಾಟ್ ಪ್ಲಗಿನ್ ಡಾಟ್ ಪ್ಯಾಕೇಜಸ್’ ಎಂಬ ಸಿಸ್ಟಂ ಪ್ರಾಪರ್ಟಿ, ಕೋಡಿನಲ್ಲಿ ಪ್ಲಗಿನ್‌ಮ್ಯಾನೇಜರ್ ಕ್ಲಾಸಿನ ‘ಆಡ್‌ಪ್ಯಾಕೇಜ್’, ‘ಆಡ್‌ಪ್ಯಾಕೇಜಸ್’ ಮೆಥಡ್‌ಗಳು. ಎಕ್ಸ್‌ಎಂಎಲ್ ಫೈಲನ್ನಷ್ಟೇ ನೋಡಿ ಕೈ ತೊಳೆದುಕೊಂಡರೆ ಆಗದು. ಪ್ರಾಪರ್ಟೀಸ್, ಯಾಮಲ್, ಜೆಸನ್ ರೂಪದ ಕಾನ್ಫಿಗರೇಷನ್‌ಗಳೂ ಇರುತ್ತವೆ, ಟೆಸ್ಟ್ ಫೋಲ್ಡರಿನಲ್ಲಿ ಬೇರೆಯದೇ ಒಂದು ಫೈಲು ಅಡಗಿರುತ್ತದೆ. ಸಿಸ್ಟಂ ಪ್ರಾಪರ್ಟಿಯಂತೂ ಹೆಚ್ಚಾಗಿ ಜಾವಾ ಕೋಡಿನ ಹತ್ತಿರವೂ ಸುಳಿಯುವುದಿಲ್ಲ. ಡಾಕರ್‌ಫೈಲಿನಲ್ಲೋ, ಯಾವುದೋ ಹಳೆಯ ಶೆಲ್ ಸ್ಕ್ರಿಪ್ಟಿನ ‘ಜಾವಾ ಆಪ್ಟ್ಸ್’ ಸಾಲಿನಲ್ಲೋ ಕೂತಿರುತ್ತದೆ.

ಸಿಕ್ಕ ಪ್ಯಾಕೇಜ್ ಹೆಸರುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಹಲವು ಫೈಲುಗಳಲ್ಲಿ ಆಟ್ರಿಬ್ಯೂಟ್ ಇದೆ, ಒಳಗೆ ಏನೂ ಇಲ್ಲ. ಕೆಲವದರಲ್ಲಿ ಉದಾಹರಣೆಗಳಿಂದ ಕಾಪಿ ಆಗಿ ಬಂದ ‘ಕಾಮ್ ಡಾಟ್ ಎಕ್ಸಾಂಪಲ್’ ಹಾಗೆಯೇ ಉಳಿದಿರುತ್ತದೆ. ಇಂಥವನ್ನು ಯೋಚಿಸದೆ ಅಳಿಸಬಹುದು. ನಿಮ್ಮದೇ ಪ್ಯಾಕೇಜ್ ಅಥವಾ ಮೂರನೆಯವರ ಲೈಬ್ರರಿಯ ಪ್ಯಾಕೇಜ್ ಇದ್ದರೆ ಆಗ ಕೆಲಸ ಶುರು.

ಲೈಬ್ರರಿಯನ್ನೇ ಕೇಳಿ ನೋಡುವುದು ಎಲ್ಲಕ್ಕಿಂತ ಸುಲಭ. ‘ಲಾಗ್‌ಫೋರ್‌ಜೆ2 ಡಾಟ್ ಡೀಬಗ್’ ಪ್ರಾಪರ್ಟಿಯನ್ನು ‘ಟ್ರೂ’ ಮಾಡಿ ಅಪ್ಲಿಕೇಶನ್ ಎಬ್ಬಿಸಿ. ಸಾಲುಗಳ ಪ್ರವಾಹವೇ ಬರುತ್ತದೆ, ಫೈಲಿಗೆ ತಿರುಗಿಸಿಕೊಳ್ಳಿ. ಅದರಲ್ಲಿ ಇಷ್ಟು ಸೆಕೆಂಡಿನಲ್ಲಿ ಇಷ್ಟು ಪ್ಲಗಿನ್‌ಗಳನ್ನು ಲೋಡ್ ಮಾಡಿದೆ ಎಂಬ ಸಾಲುಗಳನ್ನು ಹುಡುಕಿ. ಕೆಲವು ಸಾಲುಗಳ ಕೊನೆಯಲ್ಲಿ ಕ್ಲಾಸ್‌ಲೋಡರಿನ ಹೆಸರಿರುತ್ತದೆ, ಅವು ಪಟ್ಟಿಯಿಂದ ಬಂದವು. ಕೆಲವದರ ಕೊನೆಯಲ್ಲಿ ಪ್ಯಾಕೇಜ್ ಹೆಸರಿರುತ್ತದೆ, ಅವು ತಡಕಿ ಸಿಕ್ಕವು. ಪ್ಯಾಕೇಜ್ ಸಾಲಿನಲ್ಲಿ ಸೊನ್ನೆ ಎಂದಿದ್ದರೆ ಆ ಆಟ್ರಿಬ್ಯೂಟ್ ಇಷ್ಟು ದಿನ ಬಿಟ್ಟಿ ಸಂಬಳ ತಿಂದಿದೆ, ತೆಗೆದುಹಾಕಿ. ಸೊನ್ನೆಗಿಂತ ಹೆಚ್ಚಿದ್ದರೆ ಅದೇ ಪ್ಲಗಿನ್‌ಗಳು ಪಟ್ಟಿಯಲ್ಲೂ ಇವೆಯೇ ಎಂದು ನೋಡಬೇಕು. ಅದಕ್ಕೆ ಜಾರ್ ಬಿಚ್ಚಬೇಕಾಗಿಲ್ಲ. ‘ಜಾರ್ ಟಿಎಫ್’ ಕಮಾಂಡಿನಿಂದ ಒಳಗಿನ ಫೈಲುಗಳ ಹೆಸರು ನೋಡಿ. ‘ಡ್ಯಾಟ್’ ಫೈಲು ಇದ್ದರೆ ಅದನ್ನು ಹೊರತೆಗೆದು ‘ಸ್ಟ್ರಿಂಗ್ಸ್’ ಕಮಾಂಡಿಗೆ ಕೊಡಿ. ಬೈನರಿ ಆದರೂ ಕ್ಲಾಸ್ ಹೆಸರುಗಳು ಅದರಲ್ಲಿ ಓದುವ ಹಾಗೆಯೇ ಇರುತ್ತವೆ.

ಪಟ್ಟಿಯಿಲ್ಲದೆ ಅಳಿಸಿದರೆ

ಅಪ್ಲಿಕೇಶನ್ ಬೀಳುವುದಿಲ್ಲ. ಬಿದ್ದಿದ್ದರೆ ಒಳ್ಳೆಯದೇ ಆಗುತ್ತಿತ್ತು, ಡೆಪ್ಲಾಯ್ ಅಲ್ಲಿಗೇ ನಿಲ್ಲುತ್ತಿತ್ತು. ಲಾಗ್‌ಫೋರ್‌ಜೆಯ ಸ್ವಭಾವವೇ ಬೇರೆ: ಲಾಗಿಂಗ್‌ನ ತೊಂದರೆಗೆ ಮುಖ್ಯ ಕೆಲಸ ನಿಲ್ಲಬಾರದು ಎಂಬುದು ಅದರ ನಿಲುವು. ನಿಮ್ಮದೇ ಅಪೆಂಡರ್ ಸಿಗದಿದ್ದರೆ ‘ಅಪೆಂಡರ್ಸ್’ ಅಂಶದೊಳಗೆ ಗೊತ್ತಿಲ್ಲದ ಅಂಶ ಇದೆ ಎಂದು ಒಂದು ಎರರ್ ಬರೆದು, ಆ ಅಪೆಂಡರನ್ನು ಬಿಟ್ಟು ಮುಂದೆ ಹೋಗುತ್ತದೆ. ಆಡಿಟ್ ಲಾಗ್ ಬರೆಯುತ್ತಿದ್ದದ್ದು ಆ ಅಪೆಂಡರ್ ಆಗಿದ್ದರೆ ಆ ಕ್ಷಣದಿಂದ ಆಡಿಟ್ ಲಾಗ್ ಇಲ್ಲ. ಕನ್ಸೋಲಿನ ಮೊದಲ ನಾಲ್ಕು ಸಾಲನ್ನು ಯಾರೂ ಓದದ ಕಂಟೇನರ್ ಕಾಲದಲ್ಲಿ ಇದು ಗೊತ್ತಾಗುವುದು ಆಡಿಟ್ ಮಾಡುವವರು ಬಂದಾಗಲೇ. ಲುಕಪ್ ಸಿಗದಿದ್ದರೆ ಡಾಲರ್ ಚಿಹ್ನೆಯ ಆ ಬರಹ ಬಿಡಿಸದೆ ಹಾಗೆಯೇ ಉಳಿಯುತ್ತದೆ. ಫೈಲಿನ ಹಾದಿಯಲ್ಲಿ ಅದನ್ನು ಬಳಸಿದ್ದರೆ ಡಾಲರ್ ಮತ್ತು ಪುಷ್ಪಾವರಣವೇ ಹೆಸರಾಗಿರುವ ವಿಚಿತ್ರ ಫೈಲು ಡಿಸ್ಕಿನಲ್ಲಿ ಹುಟ್ಟುತ್ತದೆ.

ಕನ್ವರ್ಟರ್‌ನ ಸಂಗತಿ ಇವೆರಡಕ್ಕಿಂತ ಕೆಟ್ಟದ್ದು. ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ ಲಾಗ್‌ನಲ್ಲಿ ಬೀಳದಂತೆ ಮುಚ್ಚುವ ಕನ್ವರ್ಟರ್ ಒಂದನ್ನು ನಮ್ಮಲ್ಲಿ ಅನೇಕ ತಂಡಗಳು ತಾವೇ ಬರೆದುಕೊಂಡಿರುತ್ತವೆ. ಅದರ ಸಂಕೇತ ‘ಮಾಸ್ಕ್’ ಎಂದಿಟ್ಟುಕೊಳ್ಳೋಣ, ಇಂಗ್ಲಿಷಿನಲ್ಲಿ ಎಂ, ಎ, ಎಸ್, ಕೆ. ಪ್ಯಾಟರ್ನ್ ಓದುವ ಕೋಡು ಶೇಕಡಾ ಚಿಹ್ನೆಯ ಮುಂದಿನ ಅಕ್ಷರಗಳನ್ನು ತೆಗೆದುಕೊಂಡು ಪೂರ್ತಿ ಹೆಸರಿಗೆ ಕನ್ವರ್ಟರ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೊನೆಯ ಒಂದು ಅಕ್ಷರ ಬಿಟ್ಟು ಮತ್ತೆ ನೋಡುತ್ತದೆ. ಹೀಗೆ ಬಿಡುತ್ತಾ ಬಿಡುತ್ತಾ ‘ಎಂ’ ಒಂದೇ ಉಳಿಯುತ್ತದೆ, ಮತ್ತು ‘ಎಂ’ಗೆ ಕನ್ವರ್ಟರ್ ಇದೆ: ಸಂದೇಶವನ್ನು ಇದ್ದದ್ದು ಇದ್ದ ಹಾಗೆ ಮುದ್ರಿಸುವ ಲಾಗ್‌ಫೋರ್‌ಜೆಯ ಸ್ವಂತ ಕನ್ವರ್ಟರ್. ಪರಿಣಾಮವಾಗಿ ಪೂರ್ತಿ ಆಧಾರ್ ಸಂಖ್ಯೆ ಸಮೇತ ಸಂದೇಶ ಅಚ್ಚಾಗುತ್ತದೆ, ಅದರ ಬಾಲದಲ್ಲಿ ಎ, ಎಸ್, ಕೆ ಎಂಬ ಮೂರು ಅಕ್ಷರ ಅಂಟಿಕೊಂಡಿರುತ್ತವೆ. ಯಾವುದೋ ಒಂದು ಕನ್ವರ್ಟರ್ ಸಿಕ್ಕಿತಲ್ಲ, ಹಾಗಾಗಿ ಎರರ್ ಸಂದೇಶವೂ ಇಲ್ಲ. ಲಾಗ್‌ನ ಸಾಲುಗಳ ಕೊನೆಯಲ್ಲಿ ಅರ್ಥವಿಲ್ಲದ ತುಂಡು ಪದ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಸಂಕೇತಕ್ಕೆ ಹೆಸರಿಡುವಾಗಲೂ ಎಂ, ಡಿ, ಪಿ, ಟಿ, ಸಿ ಮುಂತಾಗಿ ಲಾಗ್‌ಫೋರ್‌ಜೆ ತಾನೇ ಬಳಸುವ ಒಂಟಿ ಅಕ್ಷರಗಳಿಂದ ಶುರುವಾಗದ ಹೆಸರು ಆರಿಸುವುದು ಜಾಣತನ.

ಪಟ್ಟಿ ಏಕೆ ಹುಟ್ಟಲಿಲ್ಲ

ಲಾಗ್‌ಫೋರ್‌ಜೆ ಕೋರ್ ಜಾರ್‌ನೊಳಗೇ ಅನೊಟೇಷನ್ ಪ್ರೊಸೆಸರ್ ಇದೆ, ಅದರ ಹೆಸರು ಪ್ಲಗಿನ್‌ಪ್ರೊಸೆಸರ್. ಹಿಂದೆ ಕೋರ್ ಜಾರ್ ಕ್ಲಾಸ್‌ಪಾತ್‌ನಲ್ಲಿದ್ದರೆ ಜಾವಾ ಕಂಪೈಲರ್ ಅದನ್ನು ತಾನೇ ಕಂಡು ಓಡಿಸುತ್ತಿತ್ತು, ನೀವೇನೂ ಮಾಡಬೇಕಿರಲಿಲ್ಲ. ಅದಕ್ಕೇ ಈ ಪಟ್ಟಿಯೊಂದು ಇದೆಯೆಂಬುದೇ ಅನೇಕರಿಗೆ ಗೊತ್ತಿಲ್ಲ. ಆದರೆ ಹೀಗೆ ತಾನಾಗಿ ನಡೆಯುವುದನ್ನು ಬಿಲ್ಡ್ ಉಪಕರಣಗಳು ಒಂದೊಂದಾಗಿ ನಿಲ್ಲಿಸುತ್ತಾ ಬಂದವು.

ಮೇವನ್ ಬಳಸುವವರಲ್ಲಿ ಬಹುತೇಕ ಸಲ ಕಾರಣ ಲಾಂಬಾಕ್ ಅಥವಾ ಮ್ಯಾಪ್‌ಸ್ಟ್ರಕ್ಟ್. ಅವುಗಳಿಗಾಗಿ ಯಾರೋ ಕಂಪೈಲರ್ ಪ್ಲಗಿನ್‌ನ ‘ಅನೊಟೇಷನ್ ಪ್ರೊಸೆಸರ್ ಪಾತ್ಸ್’ ಭಾಗವನ್ನು ಪಾಮ್ ಫೈಲಿನಲ್ಲಿ ಬರೆದಿರುತ್ತಾರೆ. ಆ ಭಾಗ ಒಮ್ಮೆ ಬಂತೆಂದರೆ ಕಂಪೈಲರ್ ಕ್ಲಾಸ್‌ಪಾತ್‌ನಲ್ಲಿ ಪ್ರೊಸೆಸರ್ ಹುಡುಕುವುದನ್ನು ಬಿಟ್ಟುಬಿಡುತ್ತದೆ, ಅಲ್ಲಿ ಬರೆದವಷ್ಟೇ ಓಡುತ್ತವೆ. ಲಾಂಬಾಕ್ ಸೇರಿಸಿದ ದಿನ ಲಾಗ್‌ಫೋರ್‌ಜೆಯ ಪಟ್ಟಿ ನಿಂತುಹೋಯಿತು. ಅಪೆಂಡರ್ ಸಿಗುತ್ತಿಲ್ಲವೆಂದು ಇನ್ಯಾರೋ ‘ಪ್ಯಾಕೇಜಸ್’ ಬರೆದು ಸರಿಮಾಡಿದರು. ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಪರಿಹಾರ ಸರಳ. ಅದೇ ಭಾಗದಲ್ಲಿ ಇನ್ನೊಂದು ‘ಪಾತ್’ ಸೇರಿಸಿ, ಗ್ರೂಪ್ ಐಡಿ, ಆರ್ಟಿಫ್ಯಾಕ್ಟ್ ಐಡಿಯಲ್ಲಿ ಲಾಗ್‌ಫೋರ್‌ಜೆ ಕೋರ್ ಅನ್ನೇ ಹೆಸರಿಸಿ, ಆವೃತ್ತಿಯನ್ನು ಡಿಪೆಂಡೆನ್ಸಿಗೆ ಬಳಸಿದ ಅದೇ ಪ್ರಾಪರ್ಟಿಯಿಂದ ಕೊಡಿ. ‘ಪ್ರಾಕ್’ ಎಂಬ ಆಯ್ಕೆಗೆ ‘ನನ್’ ಎಂದು ಎಲ್ಲಾದರೂ ಬರೆದಿದೆಯೇ ಎಂದೂ ನೋಡಿ, ಇದ್ದರೆ ಯಾವ ಪ್ರೊಸೆಸರೂ ಓಡದು. ಪೇರೆಂಟ್ ಪಾಮ್‌ನಲ್ಲಿ ಅದು ಅಡಗಿರುವುದುಂಟು.

ಗ್ರೇಡಲ್ 5ರಿಂದ ಕಂಪೈಲ್ ಕ್ಲಾಸ್‌ಪಾತ್‌ನಲ್ಲಿರುವ ಪ್ರೊಸೆಸರ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಇಂಪ್ಲಿಮೆಂಟೇಷನ್’ ಸಾಲಿನ ಜೊತೆಗೆ ‘ಅನೊಟೇಷನ್‌ಪ್ರೊಸೆಸರ್’ ಎಂಬ ಸಾಲಿನಲ್ಲೂ ಲಾಗ್‌ಫೋರ್‌ಜೆ ಕೋರ್ ಬರೆಯಬೇಕು. ಟೆಸ್ಟ್ ಫೋಲ್ಡರಿನಲ್ಲೂ ಪ್ಲಗಿನ್ ಬರೆದಿದ್ದರೆ ‘ಟೆಸ್ಟ್‌ಅನೊಟೇಷನ್‌ಪ್ರೊಸೆಸರ್’ ಬೇರೆಯೇ ಬೇಕು. ಕಾಟ್ಲಿನ್‌ನಲ್ಲಿ ಬರೆದ ಪ್ಲಗಿನ್ ಆದರೆ ಜಾವಾ ಪ್ರೊಸೆಸರ್ ಅದನ್ನು ನೋಡುವುದಿಲ್ಲ, ಕ್ಯಾಪ್ಟ್ ಮೂಲಕ ಹೋಗಬೇಕು.

ಜೆಡಿಕೆಯೇ ಬದಲಾದದ್ದು ಇತ್ತೀಚೆಗೆ. ಕಂಪೈಲರ್ ತಾನಾಗಿ ಪ್ರೊಸೆಸರ್ ಓಡಿಸುವುದರ ಬಗ್ಗೆ ಜೆಡಿಕೆ 21 ಒಂದು ಸೂಚನೆ ಕೊಡಲು ಶುರುಮಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಜೆಡಿಕೆ 23ರಲ್ಲಿ ಅದು ಪೂರ್ತಿ ನಿಂತಿತು. ಈಗ ಪ್ರೊಸೆಸರನ್ನು ಹೆಸರಿಸಿ ಹೇಳಬೇಕು, ಇಲ್ಲವೇ ‘ಪ್ರಾಕ್’ ಆಯ್ಕೆಗೆ ‘ಫುಲ್’ ಎಂದು ಕೊಡಬೇಕು. ಅಂದರೆ ಇಂದು ಪಾಮ್‌ನಲ್ಲಿ ಏನೂ ಬರೆಯದೆ ಪಟ್ಟಿ ಸರಿಯಾಗಿ ಬರುತ್ತಿರುವ ಪ್ರಾಜೆಕ್ಟ್ ಕೂಡ ಜೆಡಿಕೆ ಬದಲಿಸಿದ ದಿನ ಪಟ್ಟಿ ಕಳೆದುಕೊಳ್ಳುತ್ತದೆ. ಲಾಗ್‌ಫೋರ್‌ಜೆಯಲ್ಲಿ ಏನೂ ಬದಲಾಗಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವ ಪಾಡು ಬೇಡವೆಂದರೆ ‘ಫುಲ್’ ಎಂದು ಬರೆದು ಹಳೆಯ ನಡವಳಿಕೆಗೆ ಮರಳುವುದಕ್ಕಿಂತ ಪ್ರೊಸೆಸರನ್ನು ಹೆಸರಿಸಿಬಿಡುವುದೇ ಮೇಲು. ಯಾವ ಜಾರ್ ನಿಮ್ಮ ಕಂಪೈಲ್‌ನೊಳಗೆ ಕೈಹಾಕುತ್ತದೆ ಎಂಬುದು ಫೈಲಿನಲ್ಲಿ ಬರೆದಿರುತ್ತದೆ.

ಸರಿಪಡಿಸಿದ ಮೇಲೆ ಕ್ಲೀನ್ ಬಿಲ್ಡ್ ಮಾಡಿ. ಪ್ರೊಸೆಸರ್ ತಾನು ಆ ಕಂಪೈಲ್‌ನಲ್ಲಿ ಕಂಡ ಕ್ಲಾಸ್‌ಗಳನ್ನಷ್ಟೇ ಪಟ್ಟಿಗೆ ಸೇರಿಸುತ್ತದೆ. ಐಡಿಇ ಬದಲಾದ ಒಂದೇ ಕ್ಲಾಸನ್ನು ಕಂಪೈಲ್ ಮಾಡಿದರೆ ಉಳಿದವು ಪಟ್ಟಿಯಿಂದ ಬಿಟ್ಟುಹೋದದ್ದು ಕಂಡು ಗಾಬರಿಯಾಗಬೇಕಿಲ್ಲ.

ಫ್ಯಾಟ್ ಜಾರ್‌ನ ಬೇರೆಯದೇ ಪುರಾಣ

ಪಟ್ಟಿ ಸರಿಯಾಗಿ ಹುಟ್ಟಿಯೂ ದಾರಿಯಲ್ಲಿ ಸಾಯುವ ಜಾಗ ಇದು. ಎಲ್ಲ ಡಿಪೆಂಡೆನ್ಸಿಗಳನ್ನು ಬಿಚ್ಚಿ ಒಂದೇ ಜಾರ್‌ಗೆ ತುಂಬುವ ಮೇವನ್ ಶೇಡ್ ಪ್ಲಗಿನ್ ಬಳಸಿದರೆ ಒಂದೇ ಹೆಸರಿನ ‘ಡ್ಯಾಟ್’ ಫೈಲುಗಳು ಹಲವು ಜಾರ್‌ಗಳಿಂದ ಬರುತ್ತವೆ. ಲಾಗ್‌ಫೋರ್‌ಜೆ ಕೋರ್‌ನದು ಒಂದು, ಜೆಸನ್ ಟೆಂಪ್ಲೇಟ್ ಲೇಔಟ್‌ನದು ಒಂದು, ನಿಮ್ಮ ಮಾಡ್ಯೂಲಿನದು ಇನ್ನೊಂದು. ಉಳಿಯುವುದು ಒಂದೇ.

ಇಲ್ಲಿ ಒಂದು ವಿಪರ್ಯಾಸ ಇದೆ. ಯಾವ ಪಟ್ಟಿಯೂ ಸಿಗದಿದ್ದರೆ ಲಾಗ್‌ಫೋರ್‌ಜೆ 2 ಕೈಬಿಡುವುದಿಲ್ಲ. ಯಾರೋ ಕೋರ್ ಜಾರ್‌ನೊಳಗೆ ಕೈಯಾಡಿಸಿರಬೇಕು ಎಂಬ ಅರ್ಥದ ಒಂದು ಟಿಪ್ಪಣಿಯೇ ಅದರ ಸೋರ್ಸ್ ಕೋಡಿನಲ್ಲಿದೆ. ಆಗ ಅದು ತನ್ನದೇ ಕೋರ್ ಪ್ಯಾಕೇಜನ್ನು ತಡಕಿ ಹೇಗೋ ನಡೆಸಿಕೊಂಡು ಹೋಗುತ್ತದೆ. ಆದರೆ ತಪ್ಪಾದ ಒಂದು ಪಟ್ಟಿ ಉಳಿದಿದ್ದರೆ ಪಟ್ಟಿ ಖಾಲಿಯಲ್ಲವಲ್ಲ, ಈ ರಕ್ಷಣೆ ಸಿಗುವುದಿಲ್ಲ. ಪೂರ್ತಿ ಕಳೆದುಹೋದರೆ ನಡೆಯುತ್ತದೆ, ಅರ್ಧ ಉಳಿದರೆ ಕೆಡುತ್ತದೆ. ಹಾಗೆ ಕೆಟ್ಟಾಗ ದಿನಾಂಕದ ‘ಡಿ’, ಥ್ರೆಡ್‌ನ ‘ಟಿ’ಯಂಥ ಮೂಲ ಸಂಕೇತಗಳೇ ಗುರುತು ಸಿಗುತ್ತಿಲ್ಲ ಎಂಬ ಎರರ್ ಸಾಲುಗಳು ಬರುತ್ತವೆ. ಇದಕ್ಕೂ ಜನ ಕಂಡುಕೊಂಡ ಮದ್ದು ‘ಪ್ಯಾಕೇಜಸ್’ನಲ್ಲಿ ಲಾಗ್‌ಫೋರ್‌ಜೆಯ ಕೋರ್ ಪ್ಯಾಕೇಜ್ ಹೆಸರನ್ನೇ ಬರೆಯುವುದು. ನಿಮ್ಮ ಫೈಲಿನಲ್ಲಿ ಆ ಹೆಸರು ಕಂಡರೆ ಫ್ಯಾಟ್ ಜಾರ್ ತಯಾರಾಗುವ ಹಂತವನ್ನೇ ಮೊದಲು ನೋಡಿ.

ಎರಡು ಪಟ್ಟಿಗಳನ್ನು ಶೇಡ್‌ನ ಸಾಮಾನ್ಯ ಜೋಡಿಸುವ ಟ್ರಾನ್ಸ್‌ಫಾರ್ಮರ್‌ನಿಂದ ಒಂದರ ಹಿಂದೆ ಒಂದು ಅಂಟಿಸಿದರೆ ಪ್ರಯೋಜನವಿಲ್ಲ. ಫೈಲಿನ ಮೊದಲಲ್ಲೇ ಒಳಗೆ ಎಷ್ಟು ವರ್ಗಗಳಿವೆ ಎಂಬ ಎಣಿಕೆ ಇರುತ್ತದೆ, ಲೈಬ್ರರಿ ಅಷ್ಟನ್ನು ಓದಿ ನಿಲ್ಲಿಸುತ್ತದೆ, ಅಂಟಿಸಿದ್ದು ಓದದೆ ಉಳಿಯುತ್ತದೆ. ಬೈನರಿಯನ್ನು ಅರ್ಥ ಮಾಡಿಕೊಂಡು ಒಂದಾಗಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅಪಾಚೆ ಲಾಗಿಂಗ್ ತಂಡವೇ ‘ಲಾಗ್‌ಫೋರ್‌ಜೆ ಟ್ರಾನ್ಸ್‌ಫಾರ್ಮ್’ ಯೋಜನೆಯಡಿ ಮೇವನ್ ಶೇಡ್‌ಗಾಗಿ ಅದನ್ನು ಕೊಡುತ್ತದೆ. ಗ್ರೇಡಲ್‌ನ ಶ್ಯಾಡೋ ಪ್ಲಗಿನ್‌ನಲ್ಲಿ ಅದೇ ಕೆಲಸದ ಟ್ರಾನ್ಸ್‌ಫಾರ್ಮರ್ ಅಡಕವಾಗಿದೆ. ಸ್ಪ್ರಿಂಗ್ ಬೂಟ್‌ನ ಜಾರ್‌ಗಳಿಗೆ ಈ ತಲೆನೋವಿಲ್ಲ. ಅದು ಡಿಪೆಂಡೆನ್ಸಿಗಳನ್ನು ಬಿಚ್ಚದೆ ಜಾರ್‌ನೊಳಗೆ ಜಾರ್ ಆಗಿಯೇ ಇಡುತ್ತದೆ. ವಾರ್ ಫೈಲುಗಳದೂ ಇದೇ ಕಥೆ.

ಟೆಸ್ಟ್ ಒಂದು ಸಾಲದು

ಪ್ಲಗಿನ್ ಪಟ್ಟಿಯಲ್ಲಿದೆ ಎಂದು ಪರೀಕ್ಷಿಸಲು ಪುಟ್ಟ ಯೂನಿಟ್ ಟೆಸ್ಟ್ ಸಾಕು. ವರ್ಗದ ಹೆಸರು ಕೊಟ್ಟು ಪ್ಲಗಿನ್‌ಮ್ಯಾನೇಜರ್ ವಸ್ತು ಮಾಡಿ, ‘ಕಲೆಕ್ಟ್‌ಪ್ಲಗಿನ್ಸ್’ ಕರೆದು, ‘ಗೆಟ್‌ಪ್ಲಗಿನ್‌ಟೈಪ್’ಗೆ ಪ್ಲಗಿನ್ ಹೆಸರು ಕೊಟ್ಟರೆ ಬರುವುದು ಖಾಲಿಯಾಗಿರಬಾರದು. ಎಲ್ಲಿಯೂ ಪ್ಯಾಕೇಜ್ ಹೇಳದೆ ಇದು ಪಾಸಾಗಬೇಕು. ‘ಆಡ್‌ಪ್ಯಾಕೇಜ್’ ಇಡೀ ಜೆವಿಎಂಗೆ ಸೇರಿದ್ದರಿಂದ ಬೇರೆ ಯಾವುದೋ ಟೆಸ್ಟ್ ಅದನ್ನು ಕರೆದಿದ್ದರೆ ನಿಮ್ಮ ಟೆಸ್ಟ್ ಸುಳ್ಳೇ ಹಸಿರಾಗುತ್ತದೆ.

ಆದರೆ ಟೆಸ್ಟ್ ಓಡುವುದು ಬಿಡಿ ಕ್ಲಾಸ್‌ಗಳ ಮೇಲೆ, ಜಾರ್ ಒಂದಾಗುವುದು ಅದರ ನಂತರ. ಹಾಗಾಗಿ ಪ್ರೊಡಕ್ಷನ್‌ಗೆ ಹೋಗುವ ಅದೇ ಇಮೇಜನ್ನು ಎಬ್ಬಿಸಿ, ಸಂಖ್ಯೆ ಮುಚ್ಚುವ ಕನ್ವರ್ಟರ್ ಇದ್ದರೆ ಹನ್ನೆರಡು ಅಂಕೆಯ ಸುಳ್ಳು ಸಂಖ್ಯೆಯೊಂದನ್ನು ಲಾಗ್‌ಗೆ ಕಳಿಸಿ, ಹೊರಬಂದ ಸಾಲಿನಲ್ಲಿ ಅದು ಮುಚ್ಚಿದೆಯೇ ಎಂದು ನೋಡುವ ಒಂದು ಹಂತ ಪೈಪ್‌ಲೈನಿನಲ್ಲಿರಲಿ. ಇದು ಅತಿಯಾಯಿತು ಎನ್ನುವವರು ಮೇಲಿನ ಎ, ಎಸ್, ಕೆ ಪ್ರಸಂಗವನ್ನು ತಮ್ಮ ಸೆಕ್ಯೂರಿಟಿ ತಂಡಕ್ಕೆ ಒಮ್ಮೆ ಹೇಳಿ ನೋಡಲಿ.

ಒಂದೇ ಹೆಸರಿನ ಎರಡು ಪ್ಲಗಿನ್ ಇದ್ದರೆ ಏನು ಎಂಬ ಪ್ರಶ್ನೆ ಈ ಹಂತದಲ್ಲಿ ಏಳುತ್ತದೆ. ಹೆಸರಿನಲ್ಲಿ ಸಣ್ಣ ಅಕ್ಷರ ದೊಡ್ಡ ಅಕ್ಷರದ ಭೇದವಿಲ್ಲ. ಒಂದೇ ಹೆಸರಿಗೆ ಬೇರೆ ಬೇರೆ ಕ್ಲಾಸ್‌ಗಳಿದ್ದರೆ ಎರಡನೆಯದನ್ನು ಬಿಟ್ಟದ್ದಾಗಿ ಒಂದು ವಾರ್ನಿಂಗ್ ಬರುತ್ತದೆ. ಪಟ್ಟಿಗೆ ಬದಲಾದ ಮೇಲೆ ಈ ಸಾಲು ಹೊಸದಾಗಿ ಕಂಡರೆ ಓದದೆ ಬಿಡಬೇಡಿ.

ಬೇರೆಯವರ ಜಾರ್‌ನಲ್ಲಿ ಪಟ್ಟಿ ಇಲ್ಲದಿದ್ದರೆ

ನಿಮ್ಮ ಬಿಲ್ಡ್ ಎಷ್ಟು ಸರಿಪಡಿಸಿದರೂ ಮೂರನೆಯವರ ಜಾರ್‌ನೊಳಗೆ ಪಟ್ಟಿ ಹುಟ್ಟುವುದಿಲ್ಲ. ಮೊದಲು ಆ ಲೈಬ್ರರಿಯ ಹೊಸ ಆವೃತ್ತಿಯನ್ನು ‘ಜಾರ್ ಟಿಎಫ್’ ಮಾಡಿ ನೋಡಿ. ಅನೇಕ ಲೈಬ್ರರಿಗಳ ಜಾರ್‌ನಲ್ಲಿ ಪಟ್ಟಿ ಇದ್ದರೂ ಅವುಗಳ ಬಳಕೆಯ ಪುಟದಲ್ಲಿ ಮಾತ್ರ ‘ಪ್ಯಾಕೇಜಸ್’ ಬರೆಯಿರಿ ಎಂಬ ಹಳೆಯ ಸಾಲು ಉಳಿದಿರುತ್ತದೆ. ಹೊಸದರಲ್ಲೂ ಇಲ್ಲವೆಂದರೆ ಅದನ್ನು ಬರೆಯುವವರಿಗೆ ತಿಳಿಸಿ. ಇತ್ತೀಚಿನ ಲಾಗ್‌ಫೋರ್‌ಜೆ 2 ಆವೃತ್ತಿಗಳು ತಡಕಿ ಮಾತ್ರ ಸಿಕ್ಕ ಪ್ಲಗಿನ್‌ಗಳ ಹೆಸರು ಹೇಳಿ ಹಾಗೆ ಮಾಡುವಂತೆ ತಾವೇ ಸೂಚಿಸುತ್ತವೆ. ಅಷ್ಟರಲ್ಲಿ ತಡೆಯಲಾಗದು ಎಂದರೆ ನಿಮ್ಮ ಮಾಡ್ಯೂಲಿನಲ್ಲಿ ತೆಳುವಾದ ಒಂದು ಪ್ಲಗಿನ್ ಬರೆದು, ಕೆಲಸವನ್ನು ಅವರ ಕ್ಲಾಸಿಗೆ ದಾಟಿಸಬಹುದು. ಆ ತೆಳು ಪ್ಲಗಿನ್ ನಿಮ್ಮ ಪಟ್ಟಿಯಲ್ಲಿರುತ್ತದೆ. ಅದೂ ಆಗದಿದ್ದರೆ 2ನೇ ಸರಣಿಯಲ್ಲಿ ಇರುವಷ್ಟು ದಿನ ಆ ಒಂದು ಪ್ಯಾಕೇಜ್ ಹೆಸರನ್ನು ಮಾತ್ರ ಉಳಿಸಿಕೊಂಡು, ಏಕೆ ಉಳಿಸಿದ್ದೀರಿ ಎಂದು ಪಕ್ಕದಲ್ಲೇ ಟಿಪ್ಪಣಿ ಬರೆದಿಡಿ. ನನ್ನ ಮಟ್ಟಿಗೆ ಇದರಲ್ಲಿ ನಾಚಿಕೆಪಡುವುದೇನಿಲ್ಲ. ವಾರ್ನಿಂಗ್ ಒಂದು ಉಳಿಯಿತೆಂದು ಕೆಲಸ ಮಾಡುವ ಲಾಗಿಂಗನ್ನು ಕಳೆದುಕೊಳ್ಳುವುದು ಯಾವ ಲೆಕ್ಕ?

3ನೇ ಸರಣಿಗೆ ಹೋದಾಗ ಆ ಆಯ್ಕೆ ಇಲ್ಲ. ಅಲ್ಲಿ ಪ್ಯಾಕೇಜ್ ಸ್ಕ್ಯಾನಿಂಗ್ ಕೋಡೇ ಇಲ್ಲ, ‘ಡ್ಯಾಟ್’ ಫೈಲಿನ ಬದಲು ಪ್ರೊಸೆಸರ್ ಒಂದು ಜಾವಾ ಕ್ಲಾಸನ್ನೇ ತಯಾರಿಸುತ್ತದೆ, ಅದು ಜಾವಾದ ಸರ್ವಿಸ್‌ಲೋಡರ್ ಮೂಲಕ ಸಿಗುತ್ತದೆ. ಪ್ಲಗಿನ್ ಅನೊಟೇಷನ್ ಕೂಡ ಕೋರ್‌ನಿಂದ ಬೇರೆ ಮಾಡ್ಯೂಲಿಗೆ ಹೋಗಿದೆ, ಜಾವಾ 17 ಬೇಕು. ಆದರೆ ಅದಕ್ಕಾಗಿ ಈಗಲೇ ಕೋಡ್ ತಿರುಗಿಸಿ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಬಿಲ್ಡ್ ಫೈಲಿನಲ್ಲಿ ಪ್ರೊಸೆಸರನ್ನು ಹೆಸರಿಸಿ ಹೇಳುವ ಸಾಲು ಇಂದು ಬರೆದರೆ, ಮುಂದೆ ಆ ಸಾಲಿನಲ್ಲಿ ಬದಲಾಗುವುದು ಆರ್ಟಿಫ್ಯಾಕ್ಟ್‌ನ ಹೆಸರು ಮತ್ತು ಆವೃತ್ತಿ ಮಾತ್ರ. ಕ್ಲಾಸ್‌ಗಳಲ್ಲಿ ಇಂಪೋರ್ಟ್ ಸಾಲುಗಳನ್ನು ಬದಲಿಸುವ ಕೆಲಸ ಆ ಅಪ್‌ಗ್ರೇಡ್‌ನ ಟಿಕೆಟ್‌ನಲ್ಲೇ ಇರಲಿ.